ಮಹಡಿ ಕೋಣೆಯ ಮಿಷನ್ ಡೈರೆಕ್ಟರ್

ಬೆಂಗಳೂರಿನಲ್ಲಿ ಕಾಣಸಿಗುವ ಮನುಷ್ಯಪ್ರಭೇದಗಳಲ್ಲಿ ಮಹಡಿ ಕೋಣೆಯ ಮಿಷನ್ ಡೈರೆಕ್ಟರನದು ಈಚಿನ ಉತ್ಪತ್ತಿ. ಹಗಲೆಲ್ಲ ಕಂಪನಿಯೊಂದರ ಲೆಕ್ಕಪತ್ರ ನೋಡುವ ಈತ, ಸಂಜೆಯಾದೊಡನೆ ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’ ತೆರೆದು ಕೂರುತ್ತಾನೆ. ಬಿಡಿಭಾಗಗಳಿಂದ ರಾಕೆಟ್ ಜೋಡಿಸಿ, ಭೌತವಿಜ್ಞಾನದ ನಿಯಮಗಳಿಗೆ ಒಳಪಟ್ಟು ಹಾರಿಸುವ ಕಂಪ್ಯೂಟರ್ ಆಟವದು. ಆದರೆ ಅದನ್ನು ಆಟವೆಂದವರನ್ನು ಈತ ಕ್ಷಮಿಸುವುದಿಲ್ಲ.

ಆಟದ ಮೂಲ ಗ್ರಹವಾದ ಕರ್ಬಿನ್‌ನ ತ್ರಿಜ್ಯ ಬರೀ 600 ಕಿ.ಮೀ. ಇರುವುದರಿಂದ ಅಲ್ಲಿಂದ ಕಕ್ಷೆ ಸೇರುವುದು ಈತನ ಘನತೆಗೆ ಕುಂದು. ಅಭಿಮಾನಿಗಳೇ ಬರೆದು ಸೇರಿಸಿದ ‘ಮಾಡ್’ ಎಂಬ ಪೂರಕ ತಂತ್ರಾಂಶದಿಂದ ನಿಜಗಾತ್ರದ ಭೂಮಿಯನ್ನು ತರಿಸಿಕೊಂಡ ಬಳಿಕವೇ, 2013ರ ನವೆಂಬರ್ 5ರಂದು ಶ್ರೀಹರಿಕೋಟಾದಿಂದ ಮಂಗಳಯಾನವನ್ನು ಹೊತ್ತೊಯ್ದ ಪಿಎಸ್‌ಎಲ್‌ವಿ-ಸಿ25 ಇಲ್ಲಿ ಮರುಹುಟ್ಟು ಪಡೆಯುತ್ತದೆ. ಮೊದಲ ಹಂತದ ಪಕ್ಕಗಳಿಗೆ ಕಟ್ಟಿದ ಘನ ಇಂಧನದ ಆರು ಸ್ಟ್ರ್ಯಾಪ್‌ಆನ್‌ಗಳಲ್ಲಿ ನಾಲ್ಕು ನೆಲದಲ್ಲೂ ಎರಡು ಆಕಾಶದಲ್ಲೂ ಹೊತ್ತಿಕೊಳ್ಳುತ್ತವೆಂದು ಬಾಯಿಪಾಠ ಒಪ್ಪಿಸುವ ಈತನಿಗೆ, ಮನೆಯ ಗ್ಯಾಸ್ ಒಲೆಯ ಎರಡು ಬರ್ನರುಗಳಲ್ಲಿ ಯಾವುದು ಕೆಟ್ಟಿದೆಯೆಂಬುದು ಮಾತ್ರ ತಿಳಿಯದು.

ಉಡಾವಣೆ ಮಧ್ಯಾಹ್ನ 2.38ಕ್ಕೇ ಆಗಬೇಕಾದ್ದರಿಂದ ಕಚೇರಿಗೆ ಅರ್ಧ ದಿನದ ರಜೆ ಬೀಳುತ್ತದೆ. ಮೂರನೆಯ ಹಂತ ಉರಿದು ಮುಗಿದ ಮೇಲೆ ನಾಲ್ಕನೆಯದು ಹೊತ್ತಿಕೊಳ್ಳುವವರೆಗೆ ಅಂದು ರಾಕೆಟ್ ಸುಮಾರು 25 ನಿಮಿಷ ಸುಮ್ಮನೆ ಸಾಗಿತ್ತು. ಕಾಲವನ್ನು ಓಡಿಸುವ ಗುಂಡಿ ಆಟದಲ್ಲಿದ್ದರೂ ಈತ ಅದನ್ನು ಮುಟ್ಟದೆ ಪರದೆಯನ್ನೇ ದಿಟ್ಟಿಸುತ್ತಾನೆ. ಅಷ್ಟರೊಳಗೆ ಊಟ ಮುಗಿಸಬಹುದೆಂಬ ತಾಯಿಯ ಸಲಹೆ ತಾಂತ್ರಿಕವಾಗಿ ನಿರ್ದುಷ್ಟವಾಗಿರುವುದರಿಂದಲೇ ಈತನಿಗೆ ಸಿಟ್ಟು ಬರುತ್ತದೆ.

ಈತನ ನಿಷ್ಠೆಯ ಪರಾಕಾಷ್ಠೆ ಕಾಣುವುದು ನವೆಂಬರ್ 11ರ ಘಟ್ಟದಲ್ಲಿ. ಕಕ್ಷೆಯನ್ನು ಹಿಗ್ಗಿಸುವ ನಾಲ್ಕನೆಯ ಯತ್ನದ ವೇಳೆ, ಇಂಧನದ ಹರಿವನ್ನು ನಿಯಂತ್ರಿಸುವ ಕವಾಟದ ಮುಖ್ಯ ಮತ್ತು ಬದಲಿ ಸುರುಳಿಗಳಿಗೆ ಒಟ್ಟಿಗೇ ವಿದ್ಯುತ್ ಕೊಟ್ಟು ಪರೀಕ್ಷಿಸಿದಾಗ ಹರಿವೇ ನಿಂತಿತು. ಸೆಕೆಂಡಿಗೆ 130 ಮೀಟರ್ ವೇಗ ಕೂಡಬೇಕಾದಲ್ಲಿ ಕೂಡಿದ್ದು 35 ಮೀಟರ್. ಅಪೋಜಿ, ಅಂದರೆ ಕಕ್ಷೆಯಲ್ಲಿ ಭೂಮಿಗೆ ಅತಿ ದೂರದ ಬಿಂದು, ಒಂದು ಲಕ್ಷ ಕಿ.ಮೀ.ಗೆ ಏರುವ ಬದಲು 78,276 ಕಿ.ಮೀ.ಗೇ ಉಳಿಯಿತು. ಆಟದ ಎಂಜಿನ್ನಾದರೋ ತಾನಾಗಿ ಕೆಡುವುದಿಲ್ಲ. ಆದ್ದರಿಂದ ಈತ ಸರಿಯಾಗಿ 35ಕ್ಕೆ ತಾನೇ ಎಂಜಿನ್ ಆರಿಸಬೇಕು; ಬೆರಳು ತಡವಾಗಿ 36 ದಾಟಿದರೆ ಎಫ್9 ಗುಂಡಿಯೊತ್ತಿ, ಮೊದಲೇ ಉಳಿಸಿಟ್ಟ ಸ್ಥಿತಿಗೆ ಮರಳಿ, ಮತ್ತೆ ವಿಫಲನಾಗಲು ಹೆಣಗಬೇಕು. ವಿಜ್ಞಾನಿಗಳು ಮರುದಿನವೇ ಪೂರಕ ದಹನ ನಡೆಸಿ ಅಪೋಜಿಯನ್ನು 1,18,642 ಕಿ.ಮೀ.ಗೆ ಏರಿಸಿದರು; ಅವರು ಒಂದು ದಿನದಲ್ಲಿ ನಿವಾರಿಸಿದ ದೋಷವನ್ನು ಉಂಟುಮಾಡಲು ಈತನಿಗೆ ವಾರಗಳೇ ಹಿಡಿಯುತ್ತವೆ.

ಕೊನೆಗೊಂದು ನಡುರಾತ್ರಿ ಅದು ಕೈಗೂಡಿದಾಗ, ‘ಫೇಲಾಯ್ತು!’ ಎಂದು ಕುಣಿಯುತ್ತ ಈತ ಮನೆಮಂದಿಯನ್ನೆಲ್ಲ ಎಬ್ಬಿಸುತ್ತಾನೆ. ಸಂಗತಿಯ ತಲೆಬುಡ ತಿಳಿಯದ ತಾಯಿ, ನಿದ್ದೆಗಣ್ಣಿನಲ್ಲೇ, ‘ನಾಳೆ ಸರಿಹೋಗುತ್ತೆ, ಮಲಗೋ’ ಎಂದು ಸಮಾಧಾನ ಹೇಳುತ್ತಾರೆ. ಆ ಮನೆಯಲ್ಲಿ ಇಸ್ರೊ ದಾಖಲೆಯೊಂದಿಗೆ ಮೊದಲ ಯತ್ನದಲ್ಲೇ ತಾಳೆಯಾಗುವುದು ಆ ಮಾತೊಂದೇ.