ಚಾವಿ ಮಕ್ತಲ್‌ಗೆ ಹೋಗ್ಯಾದ

ಯಾತ್ರಿಕರ ವಿಶ್ವಾಸವನ್ನು ಮರಳಿ ಗಳಿಸುವ ಹೊಣೆ ಹೊತ್ತ ಸಾಹೇಬರಿಗೆ, ತೆಲಂಗಾಣದ ಕೃಷ್ಣಾ ಮಂಡಲದ ಕನ್ನಡ ಶಾಲೆಯ ನಿವೃತ್ತ ಮಾಸ್ತರನೊಬ್ಬನ ಶರಣು.

ತಾವು ಯಾವ ಆಫೀಸಿನವರೋ ನನಗೆ ತಿಳಿಯದು. ಮೊನ್ನೆ ರವಿವಾರ ಹೊಳೆದಂಡೆಯಲ್ಲಿ ನಾಲ್ಕು ಮಂದಿಯನ್ನು ಕೇಳಿದೆ. ಘಾಟು ಒಬ್ಬರದಂತೆ, ಬೋರ್ಡು ಇನ್ನೊಬ್ಬರದಂತೆ, ಪಾಯಖಾನೆ ಮೂರನೆಯವರದಂತೆ. ಅದಕ್ಕೇ ಪತ್ರ ಬಹಿರಂಗವಾಗಿದೆ. ಘಾಟಿನ ಹೆಸರು ಬೇಕೆಂದೇ ಬಿಟ್ಟಿದ್ದೇನೆ. ಬರೆದರೆ ಅಲ್ಲಿಯ ಪಾಯಖಾನೆಯ ಕೀಲಿಯೊಂದನ್ನೇ ತೆಗೆಸಿ, ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳುತ್ತೀರಿ.

ಸೋಲಾಪುರದಿಂದ ನನ್ನ ಅಕ್ಕ ಬಂದಿದ್ದಳು. 72 ವರ್ಷ, ಜತೆಗೆ ಸಕ್ಕರೆ ಕಾಯಿಲೆ. 2020ರ ನವೆಂಬರ್ 20ರಿಂದ ಅಲಂಪುರದ ಕಡೆ ತುಂಗಭದ್ರಾ ಪುಷ್ಕರ ನಡೆದಾಗಲೇ ಬರಬೇಕೆಂದಿದ್ದಳು. ಅದು ಕೊರೊನಾ ಕಾಲ. 65 ದಾಟಿದವರು, 10ರೊಳಗಿನ ಮಕ್ಕಳು ಬರಬೇಡಿ ಎಂಬ ಸೂಚನೆ ಬಂತು. ಆಚೆ ಕರ್ನೂಲಿನಲ್ಲಂತೂ ಹೊಳೆಯಲ್ಲಿ ಮುಳುಗಬೇಡಿ, ಶವರ್ ಕೆಳಗೆ ನಿಲ್ಲಿ ಎಂದರು. ಹೊಳೆ ಎದುರಿಗೆ ಹರಿಯುತ್ತಿರುವಾಗ ನಲ್ಲಿ ಕೆಳಗೆ ಪುಣ್ಯಸ್ನಾನ! ಆದರೂ ಅಕ್ಕ ತಕರಾರು ಮಾಡಲಿಲ್ಲ. ‘ಜೀವ ಇದ್ರ ಮತ್ತೊಮ್ಮೆ ಹೋದರಾತು’ ಎಂದು ಮನೆಯಲ್ಲೇ ತಂಬಿಗೆ ನೀರು ಸುರಿದುಕೊಂಡಳು. ಸರ್ಕಾರದ ಮಾತನ್ನು ಇಷ್ಟು ಶ್ರದ್ಧೆಯಿಂದ ಕೇಳಿದ ಹೆಣ್ಣುಮಗಳು ಕೊನೆಗೂ ಕೃಷ್ಣಾ ಸ್ಟೇಷನ್ನಿನಲ್ಲಿ ಇಳಿದಳು. ಆಟೋ ಮಾಡಿ ಘಾಟಿಗೆ ಕರೆದೊಯ್ದೆ.

ಮೊದಲು ಕಂಡಿದ್ದು ತಮ್ಮ ಬೋರ್ಡು. ನಗುತ್ತಿರುವ ಕುಟುಂಬ, ಹಿಂದೆ ಹೊಳೆ, ಮೇಲೆ ನಿರ್ಭಯವಾಗಿ ಬನ್ನಿ ಎಂಬ ಕರೆ. ತೆಲುಗಿನಲ್ಲಿದೆ, ಇಂಗ್ಲಿಷಿನಲ್ಲಿದೆ. ಈ ದಂಡೆಯ ಅರ್ಧ ಊರು ಮನೆಯಲ್ಲಿ ಕನ್ನಡ ಆಡುತ್ತದೆ, ಇರಲಿ. ನಾವು ಮೊದಲಿನಿಂದಲೂ ನಿರ್ಭಯರು ಎಂದುಕೊಂಡಿರಬೇಕು. ಬೋರ್ಡಿನ ಕೆಳಗೆ ಕೊರೊನಾ ಕಾಲದ ಕಬ್ಬಿಣದ ಸ್ಟ್ಯಾಂಡು: ಕಾಲಿನಿಂದ ಪೆಡಲು ಒತ್ತಿದರೆ ಕೈಗೆ ಸ್ಯಾನಿಟೈಸರ್ ಬೀಳಬೇಕು. ಒತ್ತಿದೆ. ಕಿರ್ ಎಂದಿತು. ಬಾಟಲಿ ಇಲ್ಲ. ಸ್ಟ್ಯಾಂಡಿಗೆ ಯಾರೋ ಮೇಕೆ ಕಟ್ಟಿದ್ದರು. ಸರ್ಕಾರದ ದುಡ್ಡಿಗೆ ಒಬ್ಬರಾದರೂ ಫಲಾನುಭವಿ ಇದ್ದಾರಲ್ಲ ಎಂದು ಸಮಾಧಾನವಾಯಿತು.

ಅಕ್ಕ ಸ್ನಾನ ಮುಗಿಸಿ ಬಂದು, ‘ಪಾಯಖಾನೆ ಎಲ್ಲೈತೋ ತಮ್ಮಾ?’ ಎಂದಳು.

ಇತ್ತು, ಸಾಹೇಬರೇ. ಗುಲಾಬಿ ಬಣ್ಣ, ಬಾಗಿಲ ಮೇಲೆ ಹೆಣ್ಣುಮಗಳ ಚಿತ್ರ, ಚಿತ್ರದ ಕುತ್ತಿಗೆಗೆ ಸರಿಯಾಗಿ ಒಂದು ಕೀಲಿ. ಚಹಾದಂಗಡಿಯವನನ್ನು ಕೇಳಿದೆ. ‘ಚಾವಿ ಮಕ್ತಲ್‌ಗೆ ಹೋಗ್ಯಾದ’ ಎಂದ. ಅದು ಒಂಟಿಯಾಗಿ ಬಸ್ ಹತ್ತಿ ಹೋದಂತೆ ಹೇಳಿದ. ಯಾವಾಗ ಬರುತ್ತದೆ? ‘ಬರ್ತದ್ರೀ, ಕೂಡ್ರಿ.’ ಕೂತೆವು. ಎರಡು ತಾಸು ಕೂತೆವು. ನಡುವೆ ಒಮ್ಮೆ ಎದ್ದು ಹೋಗಿ ಬೇಸರಕ್ಕೆ ಪೆಡಲು ಒತ್ತಿ ಬಂದೆ. ಕಿರ್ ಎಂದಿತು. ಮೇಕೆ ನನ್ನನ್ನು ನೋಡಿದ ರೀತಿ ಕೇಳಬೇಡಿ.

ಆ ಎರಡು ತಾಸಿನಲ್ಲಿ ಏನೇನೋ ನೆನಪಾಯಿತು. ಕೊರೊನಾ ಕಾಲದಲ್ಲೇ, 2021ರ ಮೇ ತಿಂಗಳಲ್ಲಿ ಗದ್ವಾಲ ಜಿಲ್ಲೆಯ ಪುಲ್ಲೂರು ಟೋಲ್ ಹತ್ತಿರ ಆಂಧ್ರದ ಆಂಬುಲೆನ್ಸ್‌ಗಳನ್ನು ನಿಲ್ಲಿಸಿದ್ದರು. ಒಳಗೆ ಉಸಿರಿಗೆ ಒದ್ದಾಡುವ ರೋಗಿ, ಹೊರಗೆ ಪಾಸ್ ತೋರಿಸು ಎನ್ನುವ ಬಂದೋಬಸ್ತು. ಹೈಕೋರ್ಟು ಮೇ 14ರಂದು ಅದಕ್ಕೆ ತಡೆ ಕೊಟ್ಟ ಮೇಲೆ ದಾರಿ ಬಿಟ್ಟರು. ಗೇಟು ಹಾಕುವಾಗ ನಮ್ಮವರ ಚುರುಕು ಹಾಗಿರುತ್ತದೆ. ಕಾಗದ, ಪೊಲೀಸು, ಬ್ಯಾರಿಕೇಡು ಎಲ್ಲ ಒಂದೇ ರಾತ್ರಿಯಲ್ಲಿ. ಪಾಯಖಾನೆಯ ಬಾಗಿಲು ತೆಗೆಯಲು ಮಾತ್ರ ಚಾವಿ ಮಕ್ತಲ್‌ಗೆ ಹೋಗಿರುತ್ತದೆ. ರೋಗಕ್ಕೆ ಹೆದರಿ ಯಾತ್ರಿಕರು ಬರುತ್ತಿಲ್ಲ ಎಂದು ತಾವು ಇನ್ನೂ ನಂಬಿದ್ದೀರಾ? ನಮ್ಮ ಓಣಿಯಲ್ಲಿ ಮಾಸ್ಕಿನಿಂದ ಸೈಕಲ್ ಚೈನು ಒರೆಸುತ್ತಾರೆ. ಜನ ಹೆದರುವುದು ರೋಗ ಬಂದರೆ ನೀವು ಏನು ಮಾಡುತ್ತೀರಿ ಎಂಬುದಕ್ಕೆ. 2024ರ ನವೆಂಬರಿನಲ್ಲಿ ಮಾಗನೂರಿನ ಪ್ರೌಢಶಾಲೆಯ ಮಕ್ಕಳು ಬಿಸಿಯೂಟ ಉಂಡು ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆ ಸೇರಿದರು. ಒಂದು ವಾರ ಕಳೆಯುವ ಮೊದಲೇ ಅದೇ ಶಾಲೆ, ಮತ್ತೆ ಅದೇ ಕಥೆ. ಮಾಗನೂರು ಮಕ್ತಲ್‌ನಿಂದ ನಮ್ಮೂರ ಕಡೆ ಬರುವ ಹಾದಿಯಲ್ಲೇ ಇದೆ. ನಮ್ಮ ಮಕ್ಕಳ ತಟ್ಟೆ ಎರಡನೇ ಸಲ ಕೆಡದಂತೆ ನೋಡಿಕೊಳ್ಳಲಾಗದವರು ಪರವೂರಿನವರಿಗೆ ನಿರ್ಭಯವಾಗಿ ಬನ್ನಿ ಎಂದು ಬೋರ್ಡು ಬರೆಸುತ್ತೀರಲ್ಲ, ಕೈ ನಡುಗಲಿಲ್ಲವೇ?

ಸಿಟ್ಟು ಬಂದು ವ್ಯಂಗ್ಯ ಕೈಬಿಟ್ಟಿತು, ಕ್ಷಮಿಸಿ. ಚಾವಿಗೆ ಬರುತ್ತೇನೆ.

ಚಾವಿ ಬರಲಿಲ್ಲ. ಅಕ್ಕ ಕೊನೆಗೆ ಜಾಲಿಗಿಡಗಳ ಹಿಂದೆ ಹೋದಳು. ನಾನು ಕೊಡೆ ಅಡ್ಡ ಹಿಡಿದು, ರಸ್ತೆಗೆ ಮುಖ ಮಾಡಿ ಕಾವಲು ನಿಂತೆ. 41 ವರ್ಷ ಮಕ್ಕಳಿಗೆ ಪಾಠ ಹೇಳಿದವನಿಗೆ ಆ ಕ್ಷಣ ನೆಲ ಬಾಯಿ ತೆರೆಯಬಾರದೇ ಅನ್ನಿಸಿತು. ಅವಳು ಕೈ ತೊಳೆಯಲು ನಲ್ಲಿ ತಿರುಗಿಸಿದಳು, ಗಾಳಿ ಬಂತು. ಪೆಡಲು ತೋರಿಸಿದೆ. ನಕ್ಕಳು, ಆದರೆ ಆಮೇಲೆ ಸ್ಟೇಷನ್ನಿನವರೆಗೆ ಮಾತಾಡಲಿಲ್ಲ.

ಮರುದಿನ ಅಕ್ಕನಿಗೆ ನಾರಾಯಣಪೇಟೆಗೆ ಹೋಗಿ ತನ್ನ ಮಗಳಿಗೆ, ಸೊಸೆಗೆ ಒಂದೊಂದು ಚೌಕಳಿ ಸೀರೆ ತರುವುದಿತ್ತು. ಗದ್ವಾಲಕ್ಕೂ ಹೋಗಬೇಕು, ಹತ್ತಿಯ ಒಡಲು, ರೇಷ್ಮೆ ಸೆರಗಿನದು ತನಗೊಂದು ಬೇಕು ಅಂದಿದ್ದಳು. ಮೂರು ಸೀರೆ, ಎರಡು ಊಟ, ಒಂದು ದಿನದ ಆಟೋ ಬಾಡಿಗೆ. ಎಲ್ಲ ಬಿಟ್ಟು ಸಂಜೆಯ ಗಾಡಿಗೇ ಹತ್ತಿಬಿಟ್ಟಳು. ‘ಸೀರಿ ಸೋಲಾಪುರದಾಗೂ ಸಿಗ್ತಾವ ಬಿಡೋ’ ಎಂದಳು, ಕಿಟಕಿಯಿಂದ.

2016ರ ಆಗಸ್ಟಿನ ಕೃಷ್ಣಾ ಪುಷ್ಕರಕ್ಕೆ ಈ ದಂಡೆಯಲ್ಲಿ ಘಾಟುಗಳು ಎದ್ದವು. ಮುಂದಿನದು 2028ಕ್ಕೆ. ಆಗ ಮತ್ತೆ ಬಣ್ಣ ಬರುತ್ತದೆ, ಬೋರ್ಡು ಬರುತ್ತದೆ, ಗಣ್ಯರಿಗೆ ಶಾಮಿಯಾನ ಬರುತ್ತದೆ. ಅದೆಲ್ಲ ಬರಲಿ. ನನ್ನದು ಒಂದೇ ಅರ್ಜಿ: ಚಾವಿಯನ್ನು ಘಾಟಿನಲ್ಲೇ ಒಂದು ಮೊಳೆ ಹೊಡೆದು ತೂಗುಹಾಕಿ. ಮೊಳೆಗೆ ಬಜೆಟ್ ಇಲ್ಲದಿದ್ದರೆ ತಿಳಿಸಿ, ನಾನು ತರುತ್ತೇನೆ. ಸುತ್ತಿಗೆಯೂ ನಮ್ಮ ಮನೆಯಲ್ಲಿದೆ.

ಇಂತಿ,
ಪೆಡಲು ಒತ್ತಿದವ