ಕೋಳಿಹೇನಿನ ಮೇಷ್ಟ್ರು

ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕೂ ತಾಲ್ಲೂಕಿನ ನೀರು ಕುಡಿದು ನಿವೃತ್ತರಾದ ಮೇಷ್ಟ್ರೊಬ್ಬರು ಈ ಕಡೆ ಯಾವ ಊರಿಗೆ ಹೋದರೂ ಸಿಗುತ್ತಾರೆ. ಪಿಂಚಣಿ ಬಂತು, ಮಕ್ಕಳು ಬೆಂಗಳೂರು ಸೇರಿದರು, ಹಿತ್ತಲಲ್ಲಿ ನಾಲ್ಕು ನಾಟಿಕೋಳಿ ಇರಲಿ ಅಂತ ತಂದವರು ವರ್ಷದೊಳಗೆ ಕೋಳಿಹೇನಿನಲ್ಲಿ ಪಂಡಿತರಾಗಿಬಿಡುತ್ತಾರೆ.

ಇಂಥವರ ಮನೆಗೆ ಕೈಯಲ್ಲಿ ಕೋಳಿ ಹಿಡಿದು ಹೋಗಬಾರದು. "ಯಾಕೋ ಒಂದೇ ಸಮ ಪುಕ್ಕ ಕಿತ್ಕೊಂತೈತೆ ಮೇಷ್ಟ್ರೇ, ಮೊಟ್ಟೇನೂ ನಿಲ್ಸೈತೆ" ಅಂದರೆ ಔಷಧಿ ಹೇಳುವುದಿಲ್ಲ, ಪ್ರಶ್ನೆ ಕೇಳುತ್ತಾರೆ. "ಕಾಟ ಹಗಲೋ, ರಾತ್ರಿಯೋ?" ನೀವು ತಡವರಿಸಿದಿರೋ, ಪಾಠ ಶುರು. ಕೋಳಿ ತಲೆಕೆಳಗಾಗಿ ನೇತಾಡುತ್ತಲೇ ಇರುತ್ತದೆ.

ಅವರ ಲೆಕ್ಕದಲ್ಲಿ ಹೇನು ಹಾಸ್ಟೆಲ್ ಹುಡುಗ. ಹುಟ್ಟು, ಊಟ, ಸಾವು ಎಲ್ಲ ಕೋಳಿ ಮೈಮೇಲೇ. ಕೆಂಪು ನುಸಿಯದು ರಾತ್ರಿ ಶಾಲೆ: ಕತ್ತಲಾದ ಮೇಲೆ ಬಂದು ರಕ್ತ ಹೀರಿ, ಬೆಳಗಾಗುವುದರೊಳಗೆ ಗೂಡಿನ ಸಂದಿ ಸೇರುತ್ತದೆ. "ಹಗಲೊತ್ತು ಮೈಯೆಲ್ಲ ಹುಡುಕಿದ್ರೂ ಗೈರುಹಾಜರಿ ಹಾಕ್ಬೇಕಷ್ಟೇ!" ಆಮೇಲೆ ಕನ್ನಡಕ ಏರಿಸಿ, ಬಾಲದ ಕೆಳಗಿನ ತುಪ್ಪುಳ ಬಿಡಿಸಿ ತೋರಿಸುತ್ತಾರೆ. ಗರಿಗಳ ಬುಡದಲ್ಲಿ ಬಿಳಿ ಸೀರು ಗಂಟುಗಟ್ಟಿದೆ. ಒಣಹುಲ್ಲಿನ ಬಣ್ಣದ ಹೇನುಗಳು ಬೆಳಕು ಬಿದ್ದದ್ದೇ ದಿಕ್ಕಾಪಾಲಾಗಿ ಓಡುತ್ತವೆ. ಅಷ್ಟರಲ್ಲಿ ಎರಡು ನಿಮ್ಮ ಮುಂಗೈ ಹತ್ತಿರುತ್ತವೆ. "ಹೆದರ್ಬೇಡಯ್ಯ, ಕೋಳಿಹೇನು ಮನುಷ್ಯನ ಮೈಮೇಲೆ ಬಾಳಲ್ಲ. ಅದೊಂದು ಬೇರೆ ಪಾಯಿಂಟು, ಆಮೇಲೆ ಬರ್ತೀನಿ."

ಮದ್ದಿನ ವಿಷಯಕ್ಕೆ ಬಂದರೆ ಸರ್ವಿಸ್ ರಿಜಿಸ್ಟರೇ ತೆರೆದುಕೊಳ್ಳುತ್ತದೆ. ಕೊರಟಗೆರೆಯಲ್ಲಿದ್ದಾಗ ಸಿದ್ಧರಬೆಟ್ಟದ ಕಡೆಯಿಂದ ಲಕ್ಕಿಸೊಪ್ಪು ತಂದು ಗೂಡಿಗೆ ಹಾಸಿದ್ದು. ಶಿರಾದಲ್ಲಿ ಗೋಡೆಯ ಬಿರುಕಿಗೆಲ್ಲ ಸುಣ್ಣ ಬಳಿದು ಉಣ್ಣೆಹುಳ ಓಡಿಸಿದ್ದು. ಆ ಹುಳ ಹೊಟ್ಟೆಗಿಲ್ಲದೆ ವರ್ಷಗಟ್ಟಲೆ ಬದುಕಬಲ್ಲದು ಅನ್ನುವಾಗ, ಬಾಕಿ ಸಂಬಳಕ್ಕೆ ತಾವು ಕಾದ ಕಥೆ ನಡುವೆ ನುಗ್ಗುತ್ತದೆ. ಪಾವಗಡಕ್ಕೆ ವರ್ಗವಾಗಿ, ಆಂಧ್ರದ ನೆಲ ದಾಟಿಕೊಂಡು ಬಸ್ಸಿನಲ್ಲಿ ಓಡಾಡಿದ್ದು ಇನ್ನೊಂದು ಅಧ್ಯಾಯ. ಅಲ್ಲಿನ ಬಿಸಿಲೇ ಔಷಧಿ, ಗೂಡು ಬಿಚ್ಚಿ ಒಣಗಿಸಿದರೆ ಸಾಕು ಅನ್ನುವುದು ಅದರ ಕೊನೆಯ ಪುಟದಲ್ಲಿ ಬರುತ್ತದೆ.

ಒಂದು ಮಾತು ಒಪ್ಪಬೇಕು. ಮೇಷ್ಟ್ರ ಪಾಠದಲ್ಲಿ ಹುಳುಕಿಲ್ಲ. ನಮ್ಮ ಜನ ಕೋಳಿಗೆ ಪುಡಿ ಹಚ್ಚಿ ಗೂಡನ್ನು ಮರೆಯುತ್ತಾರೆ. ಕೆಲವರಂತೂ ಹೊಲಕ್ಕೆ ಹೊಡೆಯುವ ವಿಷವನ್ನೇ ಕೋಳಿಗೂ ಎರಚಿ, ಹೇನಿಗಿಂತ ಮೊದಲು ಕೋಳಿಯನ್ನು ಕಳಿಸುತ್ತಾರೆ. ಮೇಷ್ಟ್ರು ಹಿತ್ತಲಲ್ಲಿ ಗುಂಡಿ ತೋಡಿ ಒಲೆಬೂದಿ, ಮರಳು ಬೆರೆಸಿಟ್ಟಿದ್ದಾರೆ. ಅವರ ಕೋಳಿಗಳು ಅದರಲ್ಲಿ ಹೊರಳಾಡಿ ಮೈ ಕೊಡವಿ ಸುಖವಾಗಿವೆ. ಕಾಲಿಗೆ ಹುರುಪೆ ಎದ್ದರೆ ಹೊಂಗೆ ಎಣ್ಣೆ. ಎರಡು ನಿಮಿಷದಲ್ಲಿ ಹೇಳಿ ಮುಗಿಸಬಹುದು. ಆದರೆ ಪಿರಿಯಡ್ಡು 40 ನಿಮಿಷದ್ದು, ಬೆಲ್ ಹೊಡೆಯಲು ಜವಾನನೂ ಇಲ್ಲ.

ಒಳಗಿಂದ ಮೇಡಮ್ಮನವರು "ಪಾಪ, ಅದ್ನ ಕೆಳಗಾದ್ರೂ ಬಿಡ್ಸಿ" ಅಂದಾಗ ನೀವು ಎದ್ದು ನಿಲ್ಲುತ್ತೀರಿ, ಎಡಗೈಯಿಂದ ಬಲಗೈ ತುರಿಸಿಕೊಳ್ಳುತ್ತ.

"ಪುಡಿಗೆ ಹೇನು ಸಾಯುತ್ತೆ, ಸೀರು ಸಾಯಲ್ಲ" ಅನ್ನುತ್ತ ಮೇಷ್ಟ್ರು ಗೇಟಿನವರೆಗೂ ಬರುತ್ತಾರೆ. "ವಾರದೊಳಗೆ ಮರಿಯಾಗುತ್ತೆ. ಹತ್ತು ದಿನ ಬಿಟ್ಟು ಇನ್ನೊಂದ್ಸಲ ಹಚ್ಬೇಕು, ಬಂದ್ಬಿಡು. ಸಂಜೆ ಮೇಲೆ ಬಾ, ಟಾರ್ಚ್ ಇರ್ಲಿ. ನುಸಿ ಪಾಠ ಅರ್ಧಕ್ಕೇ ನಿಂತೋಯ್ತು."