ಗೃಹನಿರ್ಮಿತ ಬಾತುವಿಮಾನ ಮೀಮಾಂಸೆ

ಸೂತ್ರ 1: ಬಾಲ ಮೂಗಿಗೆ ಬಂದರೆ ಕೆನಾರ್ಡ್.

ವ್ಯಾಖ್ಯಾನ: ಲೋಕರೂಢಿಯ ವಿಮಾನಕ್ಕೆ ಪುಟ್ಟ ರೆಕ್ಕೆ ಹಿಂದಿರುತ್ತದೆ, ಇದಕ್ಕೆ ಮುಂದೆ. ಫ್ರೆಂಚಿನಲ್ಲಿ ಈ ಪದಕ್ಕೆ ಬಾತುಕೋಳಿ, ಗಾಳಿಸುದ್ದಿ ಎಂದು ಎರಡರ್ಥ. 1906ರಲ್ಲಿ ಪ್ಯಾರಿಸಿನಲ್ಲಿ ಹಾರಿದ ಸಾಂಟೋಸ್ ಡ್ಯೂಮಾಂಟನ ಯಂತ್ರ ಕತ್ತು ಚಾಚಿದ ಬಾತಿನಂತೆಯೇ ಇದ್ದುದರಿಂದ ಮೊದಲ ಅರ್ಥ ಸಿದ್ಧ. ಎರಡನೆಯದು ಫಲಶ್ರುತಿಯಲ್ಲಿ ಸಿದ್ಧಿಸುವುದು.

ಸೂತ್ರ 2: ಚಿಕ್ಕದು ಮೊದಲು ಸೋಲತಕ್ಕದ್ದು.

ವ್ಯಾಖ್ಯಾನ: ವೇಗ ತೀರಾ ಇಳಿದಾಗ ಮುಂದಿನ ಪುಟ್ಟ ರೆಕ್ಕೆ ಮೊದಲು ಕೈಚೆಲ್ಲುತ್ತದೆ. ಮೂಗು ತಗ್ಗುತ್ತದೆ, ವೇಗ ಮರಳುತ್ತದೆ, ದೊಡ್ಡ ರೆಕ್ಕೆಯ ಮಾನ ಉಳಿಯುತ್ತದೆ. ಕೂಡುಕುಟುಂಬದಲ್ಲಿ ಬೆಳೆದವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ವಿಮಾನ ವಿನ್ಯಾಸಕ ಬರ್ಟ್ ರುಟಾನ್ ಈ ನ್ಯಾಯವನ್ನೇ ನಂಬಿ 1975ರಲ್ಲಿ ವೇರಿ-ಈಝೀ, 1979ರಲ್ಲಿ ಲಾಂಗ್-ಈಝೀ ವಿಮಾನ ಹಾರಿಸಿದ. ಆ ಮೊದಲ ತಲೆಮಾರಿನ ಕೆಲವು ಕೆನಾರ್ಡುಗಳು ಮಳೆ ಬಿದ್ದರೆ ಮೂಗು ತಗ್ಗಿಸುತ್ತಿದ್ದವು. ಮರುಭೂಮಿಯಲ್ಲಿ ಬರೆದ ಶಾಸ್ತ್ರಕ್ಕೆ ಮಳೆ ಅಪವಾದವೆಂದು ತಿಳಿಯುವುದು.

ಸೂತ್ರ 3: ಕಾದ ತಂತಿಗೆ ಇಬ್ಬರು.

ವ್ಯಾಖ್ಯಾನ: ರೆಕ್ಕೆ ಕೊಯ್ಯಲು ಫೋಮ್ ದಿಮ್ಮಿಯ ಎರಡೂ ತುದಿಗೆ ಅಂಕಿ ಬರೆದ ಅಚ್ಚು ಹಚ್ಚಿ, ಇಬ್ಬರು ಕಾದ ತಂತಿ ಎಳೆಯುತ್ತ ‘ಏಳು, ಎಂಟು, ಒಂಬತ್ತು’ ಎಂದು ಕೂಗಿಕೊಳ್ಳಬೇಕು. ಒಬ್ಬರು ಎಂಟರಲ್ಲಿದ್ದಾಗ ಇನ್ನೊಬ್ಬರು ಹತ್ತಕ್ಕೆ ಹೋದರೆ ರೆಕ್ಕೆ ತಿರುಚುತ್ತದೆ, ಕೆಲವೊಮ್ಮೆ ದಾಂಪತ್ಯವೂ.

ಪೂರ್ವಪಕ್ಷ: ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ ಇರುವಾಗ ಕೂಗಾಟವೇಕೆ? ನಾಲ್ಕು ಅಕ್ಷದ ಯಂತ್ರ ಬುಡದ ತುದಿಯನ್ನು ಬೇಗ, ಕಿರಿದಾದ ಹೊರತುದಿಯನ್ನು ನಿಧಾನವಾಗಿ ನಡೆಸಿ, ಏಕಾಂಗಿ ಸಾಧಕನಿಗೂ ನುಣುಪಾದ ರೆಕ್ಕೆ ಕೊಡುತ್ತದಲ್ಲ?

ಉತ್ತರ: ಕೊಡುತ್ತದೆ, ಯಂತ್ರವಿದ್ದರೆ. ಆದರೆ ಎಲ್ಲವನ್ನೂ ಬುಡದಿಂದ ಕಟ್ಟುವೆನೆಂದು ಸಂಕಲ್ಪ ತೊಟ್ಟವನು ಯಂತ್ರವನ್ನು ಕೊಳ್ಳುವಂತಿಲ್ಲ. ವಿಮಾನಕ್ಕೆ ಯಂತ್ರ ಬೇಕು, ಯಂತ್ರಕ್ಕೆ ಡೊಂಕಿಲ್ಲದ ಮೇಜು ಬೇಕು, ಮೇಜಿಗೆ ಮಟ್ಟಸವಾದ ಗ್ಯಾರೇಜು ನೆಲ ಬೇಕು. ನೆಲ ಅಗೆಯಲು ಹೊರಟವನಿಗೆ ಸಲಿಕೆಯ ವಿನ್ಯಾಸ ಹಿಡಿಸುವುದಿಲ್ಲ. ಇದನ್ನೇ ತಾರ್ಕಿಕರು ಅನವಸ್ಥಾ ದೋಷವೆಂದದ್ದು. ಸಾಧಕ ಇದನ್ನು ‘ಪ್ಲ್ಯಾನಿಂಗ್ ಹಂತ’ ಎನ್ನುತ್ತಾನೆ.

ಈ ಹಂತದಲ್ಲಿ ಗಹನ ಪ್ರಶ್ನೆಗಳಿಗೆ ಕೊರತೆಯಿಲ್ಲ. ತಂತಿ ತನ್ನ ದಪ್ಪಕ್ಕಿಂತ ಹೆಚ್ಚು ಫೋಮ್ ಕರಗಿಸುತ್ತದೆ, ನಿಧಾನವಾದಷ್ಟೂ ಇನ್ನೂ ಹೆಚ್ಚು. ಆ ನಷ್ಟವನ್ನು ಲೆಕ್ಕಕ್ಕೆ ಹಿಡಿಯಲು ಒಂದು ಚಳಿಗಾಲ. ಯುರಿಥೇನ್ ಫೋಮಿಗೆ ಕಾದ ತಂತಿ ತಾಗಿದರೆ ವಿಷದ ಹೊಗೆ. ಅದಕ್ಕೆ ಬೇರೆ ಕತ್ತಿ ವಿನ್ಯಾಸಗೊಳಿಸಲು ಇನ್ನೊಂದು.

ಆಕ್ಷೇಪ: ಎಲ್ಲವನ್ನೂ ಯಂತ್ರವೇ ಮಾಡಿದರೆ, ಅರ್ಧಕ್ಕಿಂತ ಹೆಚ್ಚು ಕೆಲಸ ಹವ್ಯಾಸಿಯದೇ ಆಗಿರಬೇಕೆಂಬ ಅಮೆರಿಕದ ನಿಯಮಕ್ಕೆ ಭಂಗವಲ್ಲವೇ?

ಸಮಾಧಾನ: ಹೆದರಬೇಡಿ. ಕತ್ತರಿಸಿದ ಮೇಲೆ ಗಾಜಿನ ಬಟ್ಟೆ ಹಾಸಬೇಕು, ಎಪಾಕ್ಸಿ ಬಳಿಯಬೇಕು, ಆಮೇಲೆ ಉಜ್ಜಬೇಕು. ಮತ್ತೆ ಉಜ್ಜಬೇಕು. ಈ ಉಪ್ಪುಕಾಗದಯೋಗದಲ್ಲಿ ನಿಯಮ ಬೇಡಿದ್ದಕ್ಕಿಂತ ಹೆಚ್ಚಿನ ಪಾಲು ಮೈಗೇ ಹತ್ತುತ್ತದೆ.

ಫಲಶ್ರುತಿ: ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳ ‘ವೈಮಾನಿಕ ಶಾಸ್ತ್ರ’ವನ್ನು 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಪರೀಕ್ಷಿಸಿ, ಅದರ ವಿಮಾನಗಳು ಹಾರಲಾರವೆಂದರು. ನಮ್ಮ ಸಾಧಕನಿಗೆ ಆ ಭಯವಿಲ್ಲ. ಅವನ ನಕ್ಷೆ ಪರೀಕ್ಷೆಗೆ ಸಿಗುವ ಮೊದಲೇ ತಿದ್ದುಪಡಿಯಾಗಿರುತ್ತದೆ. ಅತ್ತ ಅಂಕಿ ಕೂಗುತ್ತ ಡೊಂಕುಡೊಂಕಾಗಿ ಕೊಯ್ದವರು ಯಾವಾಗಲೋ ಹಾರಿ, ಇಳಿದು, ಚಹಾ ಕುಡಿದಾಯಿತು. ‘ಬರುವ ಬೇಸಿಗೆಗೆ ಹಾರಿಸ್ತೀನಿ’ ಎಂಬ ಇವನ ಮಾತು ಮಾತ್ರ ಊರೆಲ್ಲ ಹಾರಾಡುತ್ತಿದೆ. ಕೆನಾರ್ಡ್ ಪದದ ಎರಡನೆಯ ಅರ್ಥ ಹೀಗೆ ಸಿದ್ಧವಾಯಿತು.